ಅಗೆಯದೆ ಕಂಡ ಸಮಾಧಿ

ಕಾಲುವೆಗಾಗಿ ನೆಲ ವಶಪಡಿಸಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಲಚ್ಯಾಣದ ನಮ್ಮ ಜೋಳದ ಹೊಲದಲ್ಲಿ ನನ್ನ ಹೆಂಡತಿ ಕಸ್ತೂರೆವ್ವನ ಸಮಾಧಿಯಿದೆ. ಅದರ ಮೇಲೆಯೇ ಕಾಲುವೆ ತೋಡಲು ನೀವು ಗೆರೆ ಎಳೆದಿದ್ದೀರಿ. ಸಮಾಧಿಯಿದ್ದರೆ ಅಗೆದು ತೋರಿಸಿರೆಂದು ಅಪ್ಪಣೆಯನ್ನೂ ಕೊಟ್ಟಿದ್ದೀರಿ. ಕುಳ್ಳಿರಿಸಿ ಮಣ್ಣು ಮಾಡಿದವರನ್ನು ಎಬ್ಬಿಸಿ ಸಾಕ್ಷಿ ಹೇಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಿಮ್ಮಲ್ಲಿದೆಯೆ?

ಮೇಲೆ ಕಟ್ಟೆಯಿಲ್ಲ, ಕಲ್ಲಿಲ್ಲ, ನಿಜ. ಅದು ಅವಳದೇ ಇಚ್ಛೆ. “ಬಿತ್ತೂ ಹೊಲದಾಗ ನನಗ ಕಟ್ಟಿ ಕಟ್ಟಬ್ಯಾಡ್ರಿ. ಮ್ಯಾಲ ಜ್ವಾಳಾ ಬೆಳೀರಿ, ಸತ್ತ ಮ್ಯಾಲೂ ನಿಮ್ಮ ರೊಟ್ಟಿಗಿ ಬರ್ತೇನಿ” ಎಂದು ನಕ್ಕಿದ್ದಳು. ನೆಲದೊಳಗೆ ಚಪ್ಪಡಿಗಳಿಂದ ಗೂಡು ಕಟ್ಟಿ, ಅವಳನ್ನು ಕುಳ್ಳಿರಿಸಿ, ಮೇಲೆ ಬಿತ್ತಿದೆವು. ಗುರುತಿಗೆ ಉಳಿದದ್ದು ಒಂದು ಬೇವಿನ ಮರ. ಗಡಿ ಗುರುತಿಸಲು ಬಂದ ನಿಮ್ಮ ಸಿಬ್ಬಂದಿ ಅದನ್ನು ಬೇರುಸಹಿತ ಕಿತ್ತು ನೆಲ ಸಮ ಮಾಡಿದರು. ಅಂದಿನಿಂದ ನನಗೂ ಜಾಗ ತಿಳಿಯದಾಯಿತು. ಗುರುತನ್ನು ಅಳಿಸಿ ಗುರುತೆಲ್ಲಿ ಎಂದು ಕೇಳುವುದು ಯಾವ ಆಡಳಿತದ ಜಾಣ್ಮೆ?

ಕೊನೆಗೆ ಮಗಳು ವಿದ್ಯಾವತಿ ತನ್ನ ಸಂಶೋಧನಾ ತಂಡದ ಉಪಕರಣವನ್ನು ಹೊಲಕ್ಕೆ ತಂದಳು. ಅದರ ನಿರ್ವಾತ ಕೊಳವೆಯಲ್ಲಿ, ಬೆಳಕಿನಿಂದಲೇ ಪರಮಾಣುಗಳ ಓಟವನ್ನು ತಡೆದು, ಊಹೆಗೂ ನಿಲುಕದಷ್ಟು ತಣಿಸಿ, ಕೆಳಗೆ ಬೀಳಬಿಡುತ್ತಾರೆ. ಬೀಳುವ ಪ್ರತಿಯೊಂದು ಪರಮಾಣುವೂ ಅಲೆಯಂತೆ ಎರಡು ದಾರಿಗಳಲ್ಲಿ ಸಾಗಿ ಮತ್ತೆ ತನ್ನನ್ನೇ ಕೂಡಿಕೊಳ್ಳುತ್ತದೆ. ಕೂಡುವಾಗ ಅಲೆಗಳು ಒಂದನ್ನೊಂದು ಹೆಚ್ಚಿಸುವ, ಅಳಿಸುವ ಬಗೆಯಿಂದ ಭೂಮಿಯ ಸೆಳೆತವೆಷ್ಟೆಂದು ತಿಳಿಯುತ್ತದೆ. ನೆಲದೊಳಗೆ ಅವಳ ಗೂಡಿನಂಥ ಪೊಳ್ಳಿದ್ದಲ್ಲಿ ಆ ಸೆಳೆತ ಎಳ್ಳಿನ ಮೊನೆಯಷ್ಟು ಕಡಿಮೆ.

ಸಾಲಿನಿಂದ ಸಾಲಿಗೆ ಅಳೆಯುತ್ತ ಬಂದ ಮಗಳು ಒಂದೆಡೆ ನಿಂತಳು. ಮತ್ತೊಮ್ಮೆ ಅಳೆದಳು.

“ಅಪ್ಪಾ, ಚಪ್ಪಲಿ ಬಿಡ್ರಿ” ಎಂದಳು. “ಅವ್ವ ಇಲ್ಲೇ ಕುಂತಾಳ.”

ಭೂಮಿ ತುಸು ಕಡಿಮೆ ಸೆಳೆಯುವ ಆ ಜಾಗದಿಂದ ಸಂಜೆಯವರೆಗೂ ನನಗೆ ಏಳಲಾಗಲಿಲ್ಲ.

ಈ ಅಳತೆಗಳನ್ನು ನಿಮ್ಮ ಮುಂದಿಟ್ಟರೆ, ಕಣ್ಣಿಗೆ ಕಾಣದ್ದು ಆಧಾರವಲ್ಲ ಎಂದಿರಿ. ಸ್ವಾಮಿ, ಕಣ್ಣಿಗೆ ಕಾಣದ ಆ ಸೆಳೆತವೇ ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿರುವುದು.

ನೀರು ಬೇಡವೆಂದು ನಾನು ಹೇಳುತ್ತಿಲ್ಲ. ಕೊಡ ಹೊತ್ತು ಸವೆದ ತಲೆ ಅವಳದು. ಈ ಹೊಲಕ್ಕೆ ನೀರು ಬಂದರೆ ಮೊದಲು ಹಿಗ್ಗುವವಳೂ ಅವಳೇ. ಮಗಳ ಅಳತೆಯನ್ನು ಒಪ್ಪಿ ಕಾಲುವೆಯನ್ನು ಸ್ವಲ್ಪ ಬಾಗಿಸಿ. ಉಳಿದ ಹೊಲದಲ್ಲಿ ಎಲ್ಲಿ ಬೇಕಾದರೂ ತೋಡಿಕೊಳ್ಳಿ. ನೀರು ಅವಳ ಮಗ್ಗುಲಿನಿಂದ ಹರಿಯಲಿ, ಮೈಮೇಲಿಂದ ಬೇಡ.

ಇಂತಿ,
ಹೊಲಕ್ಕೆ ಈಗ ಬರಿಗಾಲಲ್ಲೇ ಹೋಗುವ
ಬಸಂತರಾಯ, ಲಚ್ಯಾಣ