ಜೊಂಡು ಮತ್ತೆ ಬೆಳೆದಿದೆ

ಅಣ್ಣಿಗೇರಿ,
ಜನವರಿ ಎರಡನೆಯ ವಾರ

ಪ್ರೀತಿಯ ಜಹೀರಾ,

ನನ್ನ ಅಕ್ಷರ ಕಂಡ ಕೂಡಲೇ ಇದೂ ಯಾವುದೋ ಅರ್ಜಿಯ ಪ್ರತಿ ಎಂದುಕೊಂಡು ಬದಿಗೆ ಇಡಬೇಡ. ಬಸ್ ನಿಲ್ದಾಣಕ್ಕೆ ನೆರಳಿಲ್ಲ, ಗ್ರಂಥಾಲಯದ ಮಾಳಿಗೆ ಸೋರುತ್ತದೆ, ಹೆಣ್ಣುಮಕ್ಕಳ ಶಾಲೆಗೆ ನೀರಿಲ್ಲ ಎಂದು ನಲವತ್ತು ವರ್ಷ ಬರೆದೆ. ಪುಸ್ತಕಗಳ ನಡುವೆ ನೌಕರಿ ಮಾಡಿದವಳು. ಬರೆದರೆ ಲೋಕ ಸರಿಹೋಗುತ್ತದೆ ಎಂಬ ನಂಬಿಕೆ ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಆ ಅರ್ಜಿಗಳಲ್ಲಿ ಒಂದಕ್ಕೆ ಮಾತ್ರ ತಕ್ಷಣ ಕೆಲಸವಾಯಿತು. ಅದು ಯಾವುದೆಂದು ನಿನಗೆ ಗೊತ್ತು.

ಮೊನ್ನೆ ರವಿವಾರ ಅನ್ನಪೂರ್ಣಾಬಾಯಿಯೂ ನಾನೂ ಸಂಶಿಯಾಚೆಯ ನಮ್ಮ ಕೆರೆಗೆ ಹೋಗಿದ್ದೆವು, ಐದು ವರ್ಷಗಳ ಮೇಲೆ. ಅದೇ ಮೊದಲ ಬಸ್ಸು, ಹುಬ್ಬಳ್ಳಿಯಲ್ಲಿ ಅದೇ ಚಹಾ, ಸಂಶಿಯಿಂದ ಟಂಟಂ ರಿಕ್ಷಾ. ಬಸ್ಸಿನಲ್ಲಿ ಮೂವರ ಸೀಟಿನ ಕಿಟಕಿಯ ಜಾಗವನ್ನು ಇಬ್ಬರೂ ಬಿಟ್ಟು ಕುಳಿತಿದ್ದೆವು. ಕಂಡಕ್ಟರ್ "ಸರದು ಕುಂದ್ರ್ರಿ ಅಕ್ಕಾರ" ಎಂದಾಗಲೇ ಅದು ನಮ್ಮ ಅರಿವಿಗೆ ಬಂತು.

ಏರಿಯ ಮೇಲೆ ಬುತ್ತಿ ಬಿಚ್ಚಿದೆವು. ನಿನ್ನ ಡಬ್ಬಿಯ ತತ್ತಿ ಪಲ್ಯ ಇರಲಿಲ್ಲ. ಅನ್ನಪೂರ್ಣಾಬಾಯಿ ಪ್ರತಿ ವರ್ಷ ಹೇಳುತ್ತಿದ್ದ ಮಾತು ನೆನಪಿದೆಯೇ? "ಲೇ ಜಹೀರಾ, ಗಾಳಿ ಇತ್ತಾಗ ಬೀಸೂ ಹಂಗ ಕುಂದ್ರು. ನಾ ತಿನ್ನಂಗಿಲ್ಲ, ವಾಸನಿ ಅಷ್ಟ ತಗೋತೇನಿ." ಮೊನ್ನೆ ಅವರು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಲೂ ಇಲ್ಲ. ಎಪ್ಪತ್ತೆಂಟು ವರ್ಷ ಅವರಿಗೆ. ರೊಟ್ಟಿ ಮುರಿಯುತ್ತ, "ಆ ಹುಡುಗಿ ಬರಬೇಕಿತ್ತು ನೋಡ ಊರ್ಮಿ" ಎಂದರು. ಅಷ್ಟೇ.

ಪ್ರತಿ ವರ್ಷದ ನಮ್ಮ ಹಕ್ಕಿ ಎಣಿಕೆಯ ಪದ್ಧತಿಯನ್ನು ಕಟ್ಟಿದವಳು ನೀನು. ಇದ್ದದ್ದು ಒಂದೇ ದುರ್ಬೀನು, ಅದು ನಿನ್ನ ಕೈಯಲ್ಲಿ. ವಹಿ ನನ್ನ ಕೈಯಲ್ಲಿ. ನೀನು ನೋಡಿ ಹೇಳಬೇಕು, ನಾನು ಬರೆಯಬೇಕು. ಒಮ್ಮೆ ಹೆಬ್ಬಾತುಗಳ ಹಿಂಡು ಮೇಲೆದ್ದಾಗ ನಾನು ಅಂದಾಜಿನಲ್ಲಿ ಇನ್ನೂರು ಎಂದು ಬರೆದುಬಿಟ್ಟೆ. ನೀನು ವಹಿ ಕಸಿದುಕೊಂಡು ಹೊಡೆದುಹಾಕಿದೆ. "ನಾ ಹೇಳಲಾರದ್ದನ್ನ ನೀ ಬರೀಬ್ಯಾಡ ಅಕ್ಕಾ. ನಿನ್ನ ಪೆನ್ನಿಗೆ ಭಾಳ ಅವಸರ." ಅನ್ನಪೂರ್ಣಾಬಾಯಿ ನಕ್ಕು ನಕ್ಕು ಕೆಮ್ಮಿದರು. ಆ ಪುಟ ಈಗಲೂ ನನ್ನ ಬಳಿ ಇದೆ. ಹೊಡೆದುಹಾಕಿದ ಇನ್ನೂರರ ಪಕ್ಕದಲ್ಲಿ ನೀನು ಎಣಿಸಿದ ನೂರಾ ಮೂವತ್ತಾರು.

ನಾವು ಮೂವರೂ ಕೊನೆಯ ಸಲ ಹೋದ ವರ್ಷದ ಬೇಸಿಗೆಯಲ್ಲಿ ನೀರು ಇಳಿದು ಅರ್ಧ ಕೆರೆ ಜೊಂಡಾಗಿತ್ತು. ದನಗಳಿಗೆ ಇಳಿಯಲು ದಾರಿಯಿಲ್ಲವೆಂದು ಊರವರು ಹೇಳಿದರು, ನನ್ನ ತಲೆ ಬಿಸಿಯಾಯಿತು. ನೀನು ಆಗಲೇ ಹೇಳಿದ್ದೆ: "ಜೊಂಡು ಕಸ ಅಲ್ಲ ಅಕ್ಕಾ, ಜಂಬುಕೋಳಿ ಮನಿ ಅದು. ದನಕ್ಕ ಒಂದ್ ದಾರಿ ಬಿಡಿಸಿದ್ರ ಸಾಕು. ನೀ ಬರೀಬ್ಯಾಡ, ಮಳಿಗಾಲ ಮುಗೀಲಿ." ನಾನು ಹೂಂ ಎಂದೆ. ಮನೆಗೆ ಬಂದು, ಚಪ್ಪಲಿ ಬಿಟ್ಟು, ಬರೆಯಲು ಕುಳಿತೆ. ಕೆರೆಯನ್ನು ಪೂರ್ತಿ ಸ್ವಚ್ಛಗೊಳಿಸಬೇಕೆಂದು ತಾಲೂಕು ಕಚೇರಿಗೆ ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ಒಂದೇ ಹೆಸರು ಹಗುರವೆನಿಸಿತು. ಅದರ ಕೆಳಗೆ ನಿನ್ನ ಹೆಸರು ಬರೆದು, ವಿಜ್ಞಾನ ಶಿಕ್ಷಕಿ ಎಂದು ಸೇರಿಸಿದೆ.

ಶ್ರಾವಣದಲ್ಲಿ ಜೆಸಿಬಿ ಇಳಿಯಿತು. ಸುದ್ದಿ ಕೇಳಿ ನಾವು ಓಡಿ ಹೋಗುವಷ್ಟರಲ್ಲಿ ಜೊಂಡೆಲ್ಲ ದಂಡೆಯ ಮೇಲೆ ರಾಶಿಯಾಗಿತ್ತು. ಅದರಲ್ಲಿ ಗೂಡುಗಳಿದ್ದವು, ಒಡೆದ ತತ್ತಿಗಳಿದ್ದವು. ಅನ್ನಪೂರ್ಣಾಬಾಯಿ ಇಳಕಲ್ಲ ಸೀರಿ ಎಂದು ಹೆಸರಿಟ್ಟಿದ್ದ ಆ ನೇರಳೆ ಮೈಯ, ಕೆಂಪು ಕೊಕ್ಕಿನ ಜಂಬುಕೋಳಿ, ಒಂದೇ ಒಂದು, ಬರಿಯ ಕೆಸರಿನಲ್ಲಿ ಕಾಲೆತ್ತಿ ಕಾಲಿಡುತ್ತ ಅತ್ತಿತ್ತ ನಡೆಯುತ್ತಿತ್ತು. ನಾನು ಮೇಲ್ವಿಚಾರಕನ ಮೇಲೆ ಕೂಗಾಡಿದೆ. ಅವನು ಶಾಂತವಾಗಿ ಕಾಗದ ತೆಗೆದು ತೋರಿಸಿದ. "ನೀವ ಬರದೀರಲ್ರಿ ಅಕ್ಕಾರ. ಟೀಚರ ಹೆಸರೂ ಐತಿ ನೋಡ್ರಿ."

ನೀನು ನಿನ್ನ ಹೆಸರನ್ನು ಓದಿದೆ. ದುರ್ಬೀನನ್ನು ಚೀಲಕ್ಕೆ ಹಾಕಿದೆ.

ಹುಬ್ಬಳ್ಳಿ ಮುಟ್ಟುವವರೆಗೂ ನಾನು ಕಚೇರಿಯನ್ನು ಬೈದೆ, ಗುತ್ತಿಗೆದಾರನನ್ನು ಬೈದೆ, ಓದು ಬಾರದ ಅಧಿಕಾರಿಗಳನ್ನು ಬೈದೆ. ನೀನು ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಇಳಿಯುವಾಗ ಒಂದೇ ಮಾತು ಕೇಳಿದೆ: "ಅಕ್ಕಾ, ನನ್ನ ಹೆಸರ ಯಾಕ ಬರದಿ?" ನಾನು ಹೇಳಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. "ಒಬ್ಬಾಕಿ ಹೆಸರಿಗೆ ವಜನ ಇರಂಗಿಲ್ಲಲ್ಲ" ಎಂದೆ. ಕ್ಷಮಿಸು ಎನ್ನಬೇಕಾದ ಬಾಯಿ ಅದು.

ಮರುವರ್ಷ ನೀನು ಬಮ್ಮಿಗಟ್ಟಿಗೆ ವರ್ಗ ಮಾಡಿಸಿಕೊಂಡೆ. ಈದ್ ಮುಬಾರಕ್ ಎಂದು ಕಳಿಸಿದರೆ "ನಿಮಗೂ" ಎಂದಷ್ಟೇ ಉತ್ತರ. ನನಗೆ ನೀ ಎನ್ನುತ್ತಿದ್ದವಳು ನೀನು. ಐದು ವರ್ಷ ನಾನು ಎಲ್ಲರ ತಪ್ಪನ್ನೂ ಲೆಕ್ಕವಿಟ್ಟೆ ಜಹೀರಾ. ಕಚೇರಿಗೆ ಮತ್ತೆ ಹನ್ನೊಂದು ಅರ್ಜಿ ಬರೆದೆ. ತಪ್ಪಾಯಿತು ಎಂದು ನಿನಗೆ ಒಂದು ಸಾಲು ಬರೆಯಲಿಲ್ಲ.

ಮೊನ್ನೆ ಕಂಡದ್ದನ್ನು ಹೇಳುತ್ತೇನೆ. ಜೊಂಡು ಮತ್ತೆ ಬೆಳೆದಿದೆ. ಯಾರೂ ನೆಟ್ಟಿಲ್ಲ, ಯಾರೂ ಅರ್ಜಿ ಹಾಕಿಲ್ಲ. ಆಚೆ ದಂಡೆಯಿಂದ ಕಾಲು ಭಾಗ ಕೆರೆ ಹಸಿರಾಗಿದೆ. ಅನ್ನಪೂರ್ಣಾಬಾಯಿ ಕಣ್ಣಿಗೆ ಕೈ ಮರೆಮಾಡಿ ನೋಡಿ, "ಅದರಾಗ ಏನೋ ಓಡ್ಯಾಡಾಕತ್ತೈತಿ ಬೇ. ಇಳಕಲ್ಲ ಸೀರಿ ಹೌದಿಲ್ಲೋ?" ಎಂದು ಕೇಳಿದರು. ನನ್ನ ಕನ್ನಡಕಕ್ಕೆ ಒಂದು ಕಪ್ಪು ಚುಕ್ಕೆ ಅಲುಗಿದಂತೆ ಕಂಡಿತು. ನೀರುಕಾಗೆಯೂ ಇರಬಹುದು. ಹೌದು ಎನ್ನಲು ಬಾಯಿ ತುರಿಸಿತು. ಗೊತ್ತಿಲ್ಲ ಎಂದೆ.

ಅಷ್ಟರಲ್ಲಿ ಹನಮಪ್ಪ ಬಂದ, ಊರಿನ ಪಂಚಾಯಿತಿ ಸದಸ್ಯ. ಜೊಂಡು ತೆಗೆಸಿ ಸುತ್ತಲೂ ಕಲ್ಲು ಹಾಸಿ ದೋಣಿ ಬಿಡಬೇಕಂತೆ, ಮದುವೆಗೆ ಮೊದಲು ಫೋಟೊ ತೆಗೆಸಿಕೊಳ್ಳುವವರು ಹುಬ್ಬಳ್ಳಿಯಿಂದ ಬರುತ್ತಾರಂತೆ. "ಒಂದ್ ಅರ್ಜಿ ಬರದು ಕೊಡ್ರಿ ಅಕ್ಕಾರ. ನೀವ್ ಬರದ್ರ ಕೆಲಸ ಆಕ್ಕೈತಿ" ಎಂದ. ನನ್ನ ಜೀವನದಲ್ಲಿ ನನಗೆ ಸಿಕ್ಕ ಏಕೈಕ ಪ್ರಶಸ್ತಿ ಅದು. ಬರೆಯುವುದಿಲ್ಲ ಎಂದೆ. ಅವನು ಬೇರೆಯವರಿಂದ ಬರೆಸುತ್ತಾನೆ, ಅದೂ ಗೊತ್ತು. ತಡೆಯಬೇಕಾದರೆ ಜೊಂಡಿನಲ್ಲಿ ಯಾರು ಬದುಕಿದ್ದಾರೆ, ಎಷ್ಟು ಇದ್ದಾರೆ ಎಂದು ನೋಡಿದವರು ಹೇಳಬೇಕು. ನಾನು ನೋಡಿದವಳಲ್ಲ. ಎಂದೂ ಆಗಿರಲಿಲ್ಲ.

ಆದರೆ ಕೆರೆಯ ನೆಪ ಹೇಳಿ ನಿನ್ನನ್ನು ಕರೆಯುತ್ತಿಲ್ಲ. ಕೆರೆಯಲ್ಲಿ ಒಂದು ಕಾಗೆಯೂ ಇಲ್ಲದಿದ್ದರೂ ಕರೆಯುತ್ತಿದ್ದೆ. ಈ ತಿಂಗಳ ಕೊನೆಯ ರವಿವಾರ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ, ಚಹಾ ಅಂಗಡಿಯ ಹತ್ತಿರ, ಬೆಳಿಗ್ಗೆ ಏಳು ಗಂಟೆಯಿಂದ ನಾವಿಬ್ಬರೂ ನಿಂತಿರುತ್ತೇವೆ. ನೀನು ಬಾರದಿದ್ದರೆ ನಿನ್ನ ಮೇಲೆ ಸಿಟ್ಟಿಲ್ಲ.

ವಹಿಯಲ್ಲಿ ತಾರೀಖು, ಕೆರೆಯ ಹೆಸರು ಬರೆದಿದ್ದೇನೆ. ಕೆಳಗೆಲ್ಲ ಖಾಲಿ. ನೀನು ಹೇಳಿದಷ್ಟನ್ನೇ ಬರೆಯುತ್ತೇನೆ. ಒಂದೂ ಇಲ್ಲ ಎಂದರೆ ಅದನ್ನೂ ಬರೆಯುತ್ತೇನೆ.

ದೂರದ್ದೆಲ್ಲ ನಿನ್ನ ಕಣ್ಣಿಗೆ ಸದಾ ನಿಚ್ಚಳವಾಗಿ ಕಾಣಲಿ. ಅನ್ನಪೂರ್ಣಾಬಾಯಿ ಆಶೀರ್ವಾದ ಹೇಳಿದ್ದಾರೆ. ಇದನ್ನು ಅವರು ಹೇಳಿದ ಮೇಲೆಯೇ ಬರೆದಿದ್ದೇನೆ. ಕೆಳಗೆ ನನ್ನ ಹೆಸರೊಂದೇ ಇದೆ.

ಊರ್ಮಿಳಾ