ದಕ್ಕೆ ರೇಟು

ಬಿಜೈ, ಮಂಗಳೂರು
೨೦ ಜುಲೈ ೨೦೨೫

ಪ್ರೀತಿಯ ಸುಹೈಲಾ,

ನೀನು, ಅಶ್ರಫ್, ಮಗು ಎಲ್ಲರೂ ಶಾರ್ಜಾದ ಬಿಸಿಲಿನಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮೆಸೇಜುಗಳಿಗೆ ಉತ್ತರ ಕೊಡದೆ ಕೂತದ್ದಕ್ಕೆ ಬೈಯಬೇಡ. ಬರೆಯಲು ಹೊರಟರೆ ಕೈ ಓಡುತ್ತಿರಲಿಲ್ಲ, ಅಷ್ಟೇ. ಇಷ್ಟು ಗುಟ್ಟಿನ ಆ್ಯಪ್ ಮಾಡಿದವರು ಕೊನೆಗೆ ಅಂಚೆಯವನನ್ನು ನಂಬಬೇಕಾಯಿತಲ್ಲ ಎಂದು ನಿನಗೆ ನಗು ಬರಬಹುದು. ನಕ್ಕುಬಿಡು. ಈ ಮನೆಯಲ್ಲಿ ನಗು ಕೇಳದೆ ಬಹಳ ದಿನವಾಯಿತು.

ಮೊದಲು ಕೆಲಸದ ಸುದ್ದಿ. ನಮ್ಮ 'ದಕ್ಕೆ ರೇಟು' ಆ್ಯಪಿಗೆ ನೆರವು ಕೊಡುತ್ತಿದ್ದ ಸಂಸ್ಥೆಯವರು ಕಾಗದ ಹಾಕಿದ್ದಾರೆ. ಎಷ್ಟು ಮಂದಿ ಬಳಸುತ್ತಾರೆ, ಯಾವ ಊರಿನವರು, ವಿವರ ಕೊಡಿ, ಇಲ್ಲವಾದರೆ ಇನ್ನು ಮುಂದೆ ಕಷ್ಟ ಎಂದು. ಹೊರಗೆ ಬಂದರಿನ ದಕ್ಕೆಯ ಮೀನಿನ ರೇಟು ತೋರಿಸಿ, ಒಳಗೆ ಜನರ ಮೇಲಿನ ದೌರ್ಜನ್ಯದ ಫೋಟೋ, ಹೇಳಿಕೆಗಳನ್ನು ಬೀಗ ಹಾಕಿ ಕಾಪಾಡುವ ಆ್ಯಪ್ ಇದು. ಬಳಸುವವರು ಯಾರೆಂದು ನಮಗೂ ಗೊತ್ತಾಗಬಾರದು ಎಂದು ಹಟ ಹಿಡಿದು ಕಟ್ಟಿದವಳು ನೀನು. ಹಾಗಾಗಿ 'ಗೊತ್ತಿಲ್ಲ' ಎಂದೇ ಬರೆದು ಕಳಿಸಿದೆ. ಅವರಿಗೆ ಅದು ಉಡಾಫೆಯಾಗಿ ಕಂಡಿತಂತೆ. ನನಗೆ ಸಿಟ್ಟೂ ಬರಲಿಲ್ಲ, ಬೇಸರವೂ ಆಗಲಿಲ್ಲ. ಈಗೀಗ ಯಾವುದೂ ಒಳಗಿಳಿಯುವುದಿಲ್ಲ, ಸುಹೈಲಾ. ಕೋರ್ಟಿಗೆ ಹೋಗುತ್ತೇನೆ, ವಾದ ಮಾಡುತ್ತೇನೆ, ಬರುವಾಗ ಹಂಪನಕಟ್ಟೆಯಲ್ಲಿ ಬಸ್ಸು ಹತ್ತುತ್ತೇನೆ. ಯಾರೋ ನನ್ನ ಸೀರೆಯುಟ್ಟು ಓಡಾಡುತ್ತಿದ್ದಾರೆ ಅನ್ನಿಸುತ್ತದೆ.

ಮೀನು ತಿನ್ನುವವರು ಮಾತ್ರ ಜೋರಾಗಿದ್ದಾರೆ. 'ರೇಟು ಎಂತಕ್ಕೆ ಬದಲಾಗುವುದಿಲ್ಲ?', 'ಮಲಗಿದ್ದೀರಾ?' ಎಂದು ಆ್ಯಪಿನ ಕೆಳಗೆ ಬರೆಯುತ್ತಾರೆ. ಯಾರಿಗಾಗಿ ಅದನ್ನು ಕಟ್ಟಿದೆವೋ ಅವರಿಂದ ಒಂದು ಸೊಲ್ಲಿಲ್ಲ. ಅವರು ದೂರು ಬರೆಯುವಂತಿದ್ದರೆ ನಮ್ಮ ಆ್ಯಪ್ ಅವರಿಗೆ ಬೇಕಾಗುತ್ತಲೇ ಇರಲಿಲ್ಲ. ಒಬ್ಬರಾದರೂ ಉಳಿದಿದ್ದಾರೋ ಇಲ್ಲವೋ, ಖಾಲಿ ಮನೆಗೆ ದೀಪ ಹಚ್ಚುತ್ತಿದ್ದೇವೋ ಎಂದು ನನಗೇ ಅನುಮಾನ ಬಂದಿತ್ತು. ಮುಚ್ಚಿಬಿಡೋಣ ಎಂದು ನಿನಗೆ ಬರೆಯುವುದರಲ್ಲಿದ್ದೆ.

ಅಷ್ಟರಲ್ಲಿ ಸಿಂಥಿಯಾ ಮನೆಗೆ ಬಂದಳು. ನೀನೇ ತರಬೇತಿ ಕೊಟ್ಟ ಹುಡುಗಿ, ಸಿಗಡಿ ಸುಲಿಯುವ ಶೆಡ್ಡುಗಳಲ್ಲಿ ಕೂಡಿಹಾಕಿ ದುಡಿಸುವ ಹೊರ ರಾಜ್ಯದ ಹೆಂಗಸರ ಹೇಳಿಕೆ ದಾಖಲಿಸುತ್ತಾಳಲ್ಲ, ಅವಳು. ನಮ್ಮ ಪದ್ಧತಿಯಂತೆ, ಮಾತು ಅದಕ್ಕೆ ಕೇಳಬಾರದೆಂದು, ಫೋನನ್ನು ಅಡುಗೆಮನೆಯ ಅಕ್ಕಿ ಡಬ್ಬಿಗೆ ಹಾಕಿ ಬಂದು ಕೂತಳು.

"ಶೆಡ್ಡಿನ ಸೂಪರ್‌ವೈಸರ್ ಫೋನ್ ಎಳ್ಕೊಂಡ, ಮೇಡಂ. ಒಂದೊಂದೇ ಆ್ಯಪ್ ಒತ್ತಿ ನೋಡಿದ. ನಮ್ಮದಕ್ಕೆ ಬಂದು ನಿಂತ. 'ಎಂತ ಇದು? ಬೋಟು ನಿಂತ ಬ್ಯಾನ್ ಟೈಮಲ್ಲಿ ಇಷ್ಟು ಕಮ್ಮಿ ರೇಟಿಗೆ ಬಂಗುಡೆ ಎಲ್ಲಿ ಉಂಟು? ನನಗೂ ಹೇಳು ಮಾರಾಯ್ತಿ' ಅಂತ ಕೇಳಿದ."

"ನೀನು ಎಂತ ಹೇಳಿದೆ?"

"ನೆಟ್ ಇಲ್ಲ, ಹಳೇದು ತೋರಿಸ್ತಾ ಉಂಟು ಅಂದೆ. ಚಹಾ ಕುಡಿಯುವವರೆಗೆ ಅವನ ಕೈಯಲ್ಲೇ ಇತ್ತು. ಆ ಹೆಂಗಸರ ಮುಖ ಎಲ್ಲ ಅದರೊಳಗೆ ಉಂಟು, ಮೇಡಂ. ಕಡೆಗೆ ಕೊಟ್ಟ. ರೇಟು ಸರಿ ಮಾಡಿ, ಇಲ್ಲದಿದ್ದರೆ ಆ್ಯಪ್ ತೆಗೆದುಬಿಡಿ. ಈ ಊರಲ್ಲಿ ಬಂಗುಡೆ ರೇಟು ಗೊತ್ತಿಲ್ಲದವರು ಯಾರಿದ್ದಾರೆ?"

ಅವಳ ಮಾತು ನಿಜ. ಪಾಸ್‌ವರ್ಡು, ಬೀಗ ಎಂದು ನಾವು ವರ್ಷಗಟ್ಟಲೆ ತಲೆ ಕೆಡಿಸಿಕೊಂಡೆವು. ಮಂಗಳೂರಿನವನೊಬ್ಬ ಬಂಗುಡೆ ರೇಟು ನೋಡಿಯೇ ನಮ್ಮನ್ನು ಹಿಡಿಯುವುದರಲ್ಲಿದ್ದ. ನಿನ್ನ ಚಿತ್ತಣ್ಣ ಇದ್ದಷ್ಟು ದಿನ ಈ ಚಿಂತೆ ಇರಲಿಲ್ಲ. ತಮ್ಮ ಹೋಟೆಲಿಗೆ ಮೀನು ತರಲು ದಿನಾ ಬೆಳಿಗ್ಗೆ ದಕ್ಕೆಗೆ ಹೋಗುತ್ತಿದ್ದರು, ಅಲ್ಲಿಂದಲೇ ರೇಟು ಹಾಕುತ್ತಿದ್ದರು, ಕೆಳಗೊಂದು ಸಾಲು ಬರೆಯುತ್ತಿದ್ದರು. 'ನನ್ನ ಗಂಡ ದೊಡ್ಡ ಕ್ರಾಂತಿಕಾರಿ, ಬೂತಾಯಿ ರೇಟು ಬರೆಯುತ್ತಾರೆ' ಎಂದು ನಾನು ಛೇಡಿಸುತ್ತಿದ್ದೆ. ಮೇ ಕೊನೆಯ ವಾರ, ಮಳೆಗಾಲದ ಬ್ಯಾನಿಗೆಂದು ಬೋಟುಗಳೆಲ್ಲ ದಡ ಸೇರುವ ಮುಂಚೆ, ದಕ್ಕೆಯಲ್ಲೇ ಕುಸಿದರು. ಆವತ್ತು ಅವರು ಹಾಕಿದ ರೇಟೇ ನಿಂತುಬಿಟ್ಟಿತ್ತು.

ಸಿಂಥಿಯಾ ಹೋದ ಮಾರನೆಯ ಬೆಳಿಗ್ಗೆ ನಾನೇ ದಕ್ಕೆಗೆ ಹೋದೆ. ದೊಡ್ಡ ಬೋಟುಗಳಿಲ್ಲ, ನಾಡದೋಣಿಯವರು ತಂದದ್ದು ಒಂದಿಷ್ಟು, ಹೊರಗಿನಿಂದ ಬಂದ ಐಸಿನ ಮೀನು ಒಂದಿಷ್ಟು. ಮೀನಿನ ಹೆಂಗಸು ಆನ್ಸಿ ನನ್ನ ಗುರುತು ಹಿಡಿದಳು. "ರೇಟು ಮಾತ್ರ ಕೇಳುವುದಾ ಅಕ್ಕ? ಚಿತ್ತಣ್ಣ ಕೇಳಿದರೆ ತಗೊಂಡೇ ಹೋಗ್ತಿದ್ರು" ಎಂದಳು. ನಾನು ಏನೂ ಕೊಳ್ಳದೆ ಬಂದೆ. ಆದರೆ ರೇಟು ಹಾಕಿದೆ. ಈಗ ದಿನಾ ಹೋಗುತ್ತಿದ್ದೇನೆ.

ಹಾಗಾಗಿ ಮುಚ್ಚುವುದಿಲ್ಲ. ಸಂಸ್ಥೆಯವರು ಬಿಟ್ಟರೆ ಬಿಡಲಿ, ನನ್ನ ವಕೀಲಿ ಫೀಸಿನಲ್ಲಿ ಹೇಗೋ ನಡೆಸುತ್ತೇನೆ. ಹೊಸ ಫೋನುಗಳಿಗೆ ಹೊಂದುವಂತೆ ಮಾಡದಿದ್ದರೆ ಆ್ಯಪ್ ಸ್ಟೋರಿನವರು ಅದನ್ನು ತೆಗೆದುಹಾಕುತ್ತಾರಂತೆ, ಅದೊಂದನ್ನು ನೀನು ರಜೆಯ ದಿನ ಮಾಡಿಕೊಡಬೇಕು. ಮಗುವಿಗೆ ನನ್ನ ಮುತ್ತು. ಅಶ್ರಫ್‌ಗೆ ನೆನಪು ಹೇಳು. ನಿನಗೆ ಒಳ್ಳೆಯದಾಗಲಿ, ತಂಗಿ, ನಿನ್ನ ಮನೆ ತುಂಬಿರಲಿ.

ನಿನ್ನ
ಶಶಿಯಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಅವರು ರೇಟಿನ ಕೆಳಗೆ ಬರೆಯುತ್ತಿದ್ದ ಸಾಲು ಊರಿನವರಿಗೆಂದು ನೀವೆಲ್ಲ ತಿಳಿದಿದ್ದಿರಿ. ಅದು ನನಗೆ. ಆವತ್ತು ಮನೆಗೆ ಯಾವ ಮೀನು ತರುತ್ತಾರೆಂದು ಅದರಲ್ಲಿ ನೋಡಿ ನಾನು ಮಸಾಲೆ ಅರೆಯುತ್ತಿದ್ದೆ. ಕೊನೆಯ ದಿನ 'ಇವತ್ತು ಬೂತಾಯಿ ಒಳ್ಳೆಯದುಂಟು' ಎಂದಿತ್ತು. ಅರೆದು ಇಟ್ಟಿದ್ದೆ. ಕಂಕನಾಡಿಯ ಆಸ್ಪತ್ರೆಯಿಂದ ಫೋನ್ ಬಂತು.

ರೇಟು ಬದಲಿಸಿದರೆ ಆ ಸಾಲೂ ಹೋಗುತ್ತದೆ, ಅದಕ್ಕೇ ಅಷ್ಟು ದಿನ ಮುಟ್ಟಿರಲಿಲ್ಲ. ಹೊಸತು ಹಾಕುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಲು ನೋಡಿದೆ. ನಮ್ಮ ಆ್ಯಪ್ ಬಿಡುವುದಿಲ್ಲವಲ್ಲ. ಇನ್ನೊಂದು ಫೋನಿನಿಂದ ಫೋಟೋ ತೆಗೆಯಬಹುದಿತ್ತು ಎಂದು ಹೊಳೆದದ್ದು ಮನೆಗೆ ಬಂದ ಮೇಲೆ. ಹಳೆಯದು ಯಾವುದೂ ಉಳಿಯದಂತೆ ನೀನು ಚೆನ್ನಾಗಿಯೇ ಮಾಡಿದ್ದೀಯ.

ನೀನು ಅವರ ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದಾಗ ನಮ್ಮ ಚಾವಡಿಯಲ್ಲಿ ಕೂತು, ಗಾಜು ಒಡೆದ ಆ ಹಳೆಯ ಟೆಸ್ಟಿಂಗ್ ಫೋನಿನಲ್ಲಿ ಆ್ಯಪ್ ತೆರೆದಿದ್ದೆ. "ಅಕ್ಕ, ಚಿತ್ತಣ್ಣನ ರೇಟು ಇನ್ನೂ ಉಂಟು" ಎಂದು ಹೇಳಿ ಫೋನ್ ಆಫ್ ಮಾಡಿ ಬ್ಯಾಗಿಗೆ ಹಾಕಿಕೊಂಡೆ. ಆಮೇಲೆ ಅದನ್ನು ಆನ್ ಮಾಡಿದ್ದೀಯಾ? ಮಾಡಿಲ್ಲವಾದರೆ ಮೊದಲು ಮನೆಯ ವೈಫೈ ಬಂದ್ ಮಾಡು, ಆಮೇಲೆ ತೆರೆದು ನೋಡು. ನೆಟ್ ಸಿಕ್ಕರೆ ನಾನು ಹಾಕಿದ ಹೊಸ ರೇಟು ಬಂದು ಅಲ್ಲೂ ಆ ಸಾಲು ಅಳಿಸಿಹೋಗುತ್ತದೆ. ಇದನ್ನು ಫೋನ್ ಮಾಡಿಯೇ ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. ಆ ಸಾಲು ಇದ್ದರೆ ಫೋಟೋ ತೆಗೆದು ಅಂಚೆಯಲ್ಲಿ ಕಳಿಸು. ಇಲ್ಲದಿದ್ದರೆ ಏನೂ ಬರೆಯಬೇಡ, ನಾನು ಕಾಯುತ್ತಲೇ ಇರುತ್ತೇನೆ.