ಆಮಿನಾ ಕಿತ್ತ ಕಡಾಣಿ

ಪೂರಿಗಾಲಿ, ೮ ಫೆಬ್ರವರಿ ೧೯೪೩, ಸೋಮವಾರ

ತಂಗಿ ಚಿಕ್ಕನಂಜಮ್ಮ, ನಿಮ್ಮ ಮನೆಯವರು ಕೆಂಪಯ್ಯನವರ ಕೆಮ್ಮು ಹೇಗಿದೆ? ಮೊಮ್ಮಗಳು ಇಂದ್ರಿಗೆ ಹಲ್ಲು ಬಂತೆ? ಮದ್ದೂರಿಗೆ ಹೋಗುವವರು ಸಿಕ್ಕಾಗ ಹಾಳೆ ಹರಿದು ಕಳಿಸುತ್ತೇನೆ. ಅಲ್ಲಿಯ ತನಕ ಈ ಪುಸ್ತಕದಲ್ಲೇ ನಿನ್ನೊಡನೆ ಮಾತು.

ನಮ್ಮ ತಮ್ಮ ಕರಿಸಿದ್ದಯ್ಯ ಕಾಲು ಮುರಿದುಕೊಂಡು ಮಲಗಿದ್ದಾನೆ. ಹೆದರಬೇಡ, ಬಿದಿರು ದಬ್ಬೆ ಕಟ್ಟಿಸಿದ್ದೇವೆ. ನಿನ್ನೆ ಬೆಳಗಿನ ಮಂಜಿನಲ್ಲಿ ಅಕ್ರಂ ಪಾಷಾನ ಮಗಳು ಶಕೀಲಾಳನ್ನು ಮಳವಳ್ಳಿ ಬಸ್ಸಿಗೆ ಬಿಡಲು ಗಾಡಿ ಹೂಡಿದ್ದ. ಹೊಸ ಮದುಮಗಳು, ಮೊದಲ ಸಲ ನಿಮ್ಮ ಮದ್ದೂರಿನ ಗಂಡನ ಮನೆಗೆ. ಬಾವಿ ದಾಟುತ್ತಲೇ ಚಕ್ರ ಕಳಚಿತು. ತಾನೊಂದೇ ಮಂಜಿನೊಳಗೆ ಉರುಳಿಕೊಂಡು ಹೋಯಿತಂತೆ, ಎಲ್ಲಿಗೋ ಕರೆ ಬಂದ ಹಾಗೆ. ಶಕೀಲಾಗೆ ಏನೂ ಆಗಲಿಲ್ಲ... ಇವನ ಮೇಲೆ ಗಾಡಿ ಬಿತ್ತು.

ಕಡಾಣಿ ಇರಲಿಲ್ಲ. ಚಕ್ರ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕಬ್ಬಿಣ. ಯಾರೋ ಕಿತ್ತಿದ್ದರು.

ಸಂಜೆ

ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಗಂಡಸರೆಲ್ಲ ನಮ್ಮ ಜಗಲಿಯಲ್ಲಿ. ಶಕೀಲಾಳ ತಂಗಿ ಆಮಿನಾ ಬಂದಳು. ಹತ್ತು ವರ್ಷದವಳು. ಮುಷ್ಟಿ ಬಿಚ್ಚಿದಳು — ಕಡಾಣಿ.

ಅಕ್ರಂ ಹೊಡೆಯಲು ಕೈ ಎತ್ತಿದ. ಪಟೇಲ ಚಿಕ್ಕಬೋರಯ್ಯ ತಡೆದು, "ಒಡೆದ್ರೆ ಆಗಾಕಿಲ್ಲ. ಮಳವಳ್ಳಿ ಠಾಣೆಗೆ ಬರೆದು ಕಳುಸ್ತೀನಿ. ಎಲ್ಲಿ ಮಡಗ್ಬೇಕೋ ಅವರು ಮಡಗ್ಲಿ" ಎಂದರು. ನನಗೂ ಸರಿ ಎನಿಸಿತು, ಸುಳ್ಳೇಕೆ.

ಮಂಚದಿಂದ ಸಿದ್ದಯ್ಯ ಕೇಳಿದ, "ಯಾಕಮ್ಮಿ ಕಿತ್ತೆ?"

"ಅಕ್ಕ ಹೋಗ್ಬಾರ್ದು ಅಂತ. ಹೊರಡೋಕೆ ಮುಂಚೆ ನೀನು ಎಲ್ಡೂ ಕಡಾಣಿ ಮುಟ್ಟಿ ನೋಡ್ತೀಯಲ್ಲ ತಾತ. ಕಾಣ್ದೆ ಹುಡುಕ್ತೀಯ, ಬಸ್ಸು ಹೊಂಟೋಯ್ತದೆ ಅಂತ..."

ಸಿದ್ದಯ್ಯ ದಬ್ಬೆ ಕಟ್ಟಿದ ಕಾಲು ಸವರಿಕೊಂಡ.

"ನೆನ್ನೆ ಮುಟ್ನಿಲ್ಲ ಕಣಮ್ಮ. ಚಳಿ ಅಂತ ಗಾಡಿ ಅತ್ತಿ ಕೂತ್ಬುಟ್ಟೆ." ಪಟೇಲರ ಕಡೆ ತಿರುಗಿದ. "ಇವಳ್ನ ಠಾಣೆಗೆ ಕಳುಸುದ್ರೆ ನನ್ನ ಮೂಳೆ ಕೂಡ್ಕತದಾ ಗೌಡ್ರೇ? ಇಲ್ಲಿಗೆ ಕಳ್ಸಿ. ನಾನು ಏಳೋಗಂಟ ನನ್ನ ಎತ್ತಿನ ನೀರು ಹುಲ್ಲು ಇವಳ್ದು."

ಪಟೇಲರು, "ಒಂದಿನ ತಪ್ಪುದ್ರೂ ಠಾಣೆಗೆ ಬರೀತೀನಿ" ಎಂದು ಎದ್ದು ಹೋದರು.

೨೪ ಫೆಬ್ರವರಿ

ಆಮಿನಾ ದಿನಾ ಬರುತ್ತಾಳೆ, ಹೋಗುತ್ತಾಳೆ. ನಾನು ಮಾತಾಡಿಸಿಲ್ಲ. ಬೀದಿ ಮಕ್ಕಳು "ಕಡಾಣಿ ಕಳ್ಳಿ" ಎನ್ನುತ್ತವೆ. ಇವತ್ತು ಬಾಗಿಲಲ್ಲೇ ನಿಂತುಬಿಟ್ಟಳು. ಒಳಗಿನಿಂದ ಸಿದ್ದಯ್ಯ, "ಬಾರಮ್ಮಿ ಕಳ್ಳಿ, ನಿನ್ನ ಎತ್ತು ಬಾಯಾರಿ ಗೌಡ್ನಂಗೆ ಬೈತಾ ಅದೆ."

ನಕ್ಕಳು. ಅಪ್ಪನ ಹಾಗೆ ಉಬ್ಬು ಹಲ್ಲು. ಕೊಟ್ಟಿಗೆಯ ಕಿಂಡಿಯಿಂದ ಬಿಸಿಲು ಹೊಗೆಯಂತೆ ಇಳಿಯುತ್ತಿತ್ತು. ಎತ್ತಿನ ಕೊರಳಡಿ ಜೋಲುವ ಗಂಗೆದೊಗಲಿಗೆ ಕೆನ್ನೆ ಇಟ್ಟು ಏನೋ ಹೇಳುತ್ತಿದ್ದಳು, ಅವರ ಮನೆಮಾತಿನಲ್ಲಿ. ಎತ್ತು ಮೆಲುಕು ನಿಲ್ಲಿಸಿ ಕೇಳುತ್ತಿತ್ತು. ನಾನೂ ನಿಂತೆ... ಕೊನೆಗೆ ಅವಳ ಕೈಗೆ ಒಂದು ಚೂರು ಬೆಲ್ಲ ಕೊಟ್ಟೆ. ಮಾತಾಡಲಿಲ್ಲ. ಬೆಲ್ಲ ಕೊಟ್ಟೆ, ಅಷ್ಟೇ.

೧೧ ಏಪ್ರಿಲ್, ಭಾನುವಾರ

ಸಿದ್ದಯ್ಯ ಏಳುವ ತನಕ ಹೋಗುವುದಿಲ್ಲ ಎಂದು ನಿಂತಿದ್ದ ಶಕೀಲಾ ಇವತ್ತು ಹೊರಟಳು. ಸಿದ್ದಯ್ಯ ಕೋಲೂರಿಕೊಂಡು ತಾನೇ ಗಾಡಿ ಹೂಡಿಸಿದ. ಗಾಡಿ ಸುತ್ತ ಬಂದ. ಒಂದು ಕಡಾಣಿ ಮುಟ್ಟಿದ. ಇನ್ನೊಂದನ್ನು, ಅದೇ ಕಡಾಣಿಯನ್ನು, ಜೇಬಿನಿಂದ ತೆಗೆದು ಆಮಿನಾಳ ಕೈಗಿಟ್ಟ.

"ನೀನೇ ಆಕು."

ಅದನ್ನು ಎದೆಗೊತ್ತಿ ನಿಂತಳು. ಗಾಡಿಯೊಳಗಿಂದ ಅಕ್ಕ ನೋಡುತ್ತಿದ್ದಳು. ಯಾರೂ ಅವಸರ ಮಾಡಲಿಲ್ಲ, ಪಟೇಲರೂ. ಕಣ್ಣು ಮುಚ್ಚಿ ಅಚ್ಚಿನ ತೂತಿಗೆ ಇಳಿಸಿದಳು. ಕಲ್ಲಿನಿಂದ ತಟ್ಟಿದಳು. ಆಮೇಲೆ ಎಳೆದು ನೋಡಿದಳು, ಗಟ್ಟಿಯಿದೆಯೇ ಎಂದು.

ಗಾಡಿ ಹೋಯಿತು. ಸದ್ದೂ ಹೋಯಿತು.

ಈಗ ನಮ್ಮ ಹೊಸ್ತಿಲ ಮೇಲೆ ಕೂತಿದ್ದಾಳೆ. "ಅಜ್ಜಿ, ಮದ್ದೂರಿಂದ ಕಾಗ್ದ ಬತ್ತದಾ?" ಎಂದಳು. ಬತ್ತದೆ ಕಣಮ್ಮ, ಎಂದುಬಿಟ್ಟೆ. ಶಕೀಲಾಳ ಗಂಡನ ಮನೆ ನಿಮ್ಮ ಹಿಂದಿನ ಬೀದಿಯಲ್ಲೇ ನಂಜಿ. ಈ ಹಾಳೆಗಳನ್ನು ನಾಳೆಯೇ ಅಂಚೆಗೆ ಹಾಕುತ್ತೇನೆ, ಅವಳನ್ನು ನೋಡಿಕೊಂಡು ಬಂದು ಬೇಗ ಬರಿ. ಮೊದಲ ಸಾಲು ಆಮಿನಾಳಿಗೆ, ನಮ್ಮದೆಲ್ಲ ಆಮೇಲೆ. ನಾನು ಓದಿ ಹೇಳುತ್ತೇನೆ, ಅವಳು ಪಕ್ಕದಲ್ಲಿ ಕೂತು ಕೇಳಲಿ.